ಎಡಗಡೆಯ ವಿದ್ಯುತ್ ಮೆಟ್ಟಿಲು ಹೊರಬರುತ್ತಿಲ್ಲ: ಮೋಟಾರು ಹಿಡಿದುಕೊಂಡಿದೆಯೇ?

ಮೆಟ್ಟಿಲುಪೀಡಿತ:
ಗಾಡಿಯ ಬಾಗಿಲು ತೆರೆದೊಡನೆ ಹತ್ತಲು ಅನುಕೂಲವಾಗುವಂತೆ ಅಡಿಯಿಂದ ಹೊರಬರಬೇಕಾದ ಮೆಟ್ಟಿಲು ಒಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಫ್ಯೂಸು, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಎರಡನ್ನೂ ಬದಲಿಸಿ, ಕೀಲುಗಳಿಗೆ ಗ್ರೀಸು ಹಚ್ಚಿ ಸೋತಿದ್ದೇನೆ. ದಯವಿಟ್ಟು ಫ್ಯೂಸು ನೋಡಿ ಎಂದು ಯಾರೂ ಹೇಳಬಾರದು.

ಅರ್ಥ್‌ವಾದಿ:
ಇದು ಅರ್ಥ್ ದೋಷವೇ, ಅಂದರೆ ವಿದ್ಯುತ್ತು ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಯ ದೋಷ. ಬಾಗಿಲು ತೆರೆಯುವ ಕ್ಷಣದಲ್ಲಿ ಬ್ಯಾಟರಿಯ ಋಣಾಗ್ರಕ್ಕೂ ಮೆಟ್ಟಿಲುಗಳ ನಿಯಂತ್ರಕದ ಅರ್ಥ್ ಬೋಲ್ಟಿಗೂ ನಡುವಿನ ವೋಲ್ಟೇಜನ್ನು ಅಳೆಯಿರಿ; ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಬೋಲ್ಟಿನಡಿಯ ತುಕ್ಕನ್ನು ಉಜ್ಜಬೇಕು.

ಮೆಟ್ಟಿಲುಪೀಡಿತ:
0.1 ವೋಲ್ಟ್ ಮಾತ್ರ ಇದೆ.

ಅರ್ಥ್‌ವಾದಿ:
ಹಾಗಿದ್ದರೆ ಚಾಸಿಸ್‌ನ (ಗಾಡಿಯ ಲೋಹದ ಚೌಕಟ್ಟಿನ) ಇನ್ನೊಂದು ಅರ್ಥ್ ಇರಬೇಕು, ಅದನ್ನೂ ನೋಡಿ.

ಹಳೇಗೇರು:
ಬಲಗಡೆಯ ಮೆಟ್ಟಿಲು ಕೆಲಸ ಮಾಡುತ್ತಿದೆಯೇ ಎಂಬುದನ್ನು ತಾವು ಹೇಳಲೇ ಇಲ್ಲ.

ಮೆಟ್ಟಿಲುಪೀಡಿತ:
ಚೆನ್ನಾಗಿಯೇ ಮಾಡುತ್ತಿದೆ. ಅದಕ್ಕಾಗಿಯೇ ಶೀರ್ಷಿಕೆಯಲ್ಲಿ ‘ಎಡಗಡೆ’ ಎಂದು ಬರೆದದ್ದು! ಮೋಟಾರನ್ನು ಮೆಟ್ಟಿಲಿನ ತೋಳಿನಿಂದ ಬಿಚ್ಚಿದ್ದೇನೆ. ಅದರ ಗೇರಿನಿಂದ ಹೊರಬರುವ ಹೊರದಂಡವನ್ನು ಕೈಯಿಂದ ಎಷ್ಟು ತಿರುಗಿಸಿದರೂ ಅಲುಗುವುದಿಲ್ಲವಾದ್ದರಿಂದ ಗೇರೇ ಹಿಡಿದುಕೊಂಡಿದೆ.

ಹಳೇಗೇರು:
ಅಷ್ಟರಿಂದ ಹಾಗೆ ತೀರ್ಮಾನಿಸಲಾಗದು. ಒಳಗಿರುವುದು ವರ್ಮ್ ಗೇರ್, ಅಂದರೆ ತಿರುಪಿನಂಥ ದಂಡವೊಂದು ಹಲ್ಲಿನ ಚಕ್ರವನ್ನು ತಿರುಗಿಸುವ ಗೇರ್. ಮೋಟಾರು ಅದನ್ನು ತಿರುಗಿಸಬಲ್ಲದೇ ಹೊರತು ಹೊರದಂಡವು ಮೋಟಾರನ್ನು ತಿರುಗಿಸಲಾರದು, ಇಲ್ಲದಿದ್ದರೆ ಕಾಲಿಟ್ಟ ಕೂಡಲೇ ಮೆಟ್ಟಿಲು ಮಡಚಿಕೊಳ್ಳುತ್ತಿತ್ತು. ಬಲಗಡೆಯ ಕನೆಕ್ಟರಿಗೆ ಈ ಮೋಟಾರನ್ನು ಸಿಕ್ಕಿಸಿ ನೋಡಿ. ಆಗಲೂ ತಿರುಗದಿದ್ದರೆ ಅರ್ಥ್ ಚರ್ಚೆ ಮುಗಿಯಿತು.

ತುಕ್ಕುವೈರಿ:
ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ, ಸುತ್ತಿಗೆಯಿಂದ ನಾಲ್ಕು ಬಡಿಯಿರಿ. ನನ್ನದು ಹಾಗೆಯೇ ಎರಡು ವರ್ಷ ಓಡಿದೆ.

ಹಳೇಗೇರು:
ಅಂಟಿಕೊಂಡ ಬ್ರಶ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಇಂಗಾಲದ ತುಂಡು) ಬಡಿತದಿಂದ ಬಿಡಬಹುದು, ನಿಜ. ಆದರೆ ಕವಚದೊಳಗೆ ಅಂಟಿಸಿರುವ ಫೆರೈಟ್ ಅಯಸ್ಕಾಂತಗಳು ಪಿಂಗಾಣಿಯಂತೆ ಒಡೆಯುತ್ತವೆ. ಎಣ್ಣೆ ಬ್ರಶ್‌ಗಳಿಗೆ ತಗುಲಿದರೆ ಇಂಗಾಲದ ಪುಡಿಯೊಂದಿಗೆ ಕೆಸರಾಗುತ್ತದೆ.

ತುಕ್ಕುವೈರಿ:
ನಾನು ಮೆಲ್ಲಗೆ ಬಡಿಯಿರಿ ಎಂದೇ ಹೇಳಿದ್ದು.

ಮೆಟ್ಟಿಲುಪೀಡಿತ:
ಬಲಗಡೆಯ ಕನೆಕ್ಟರಿನಲ್ಲೂ ಅದೇ ‘ಟಕ್’. ಕವಚ ಬಿಚ್ಚಿದಾಗ ಕೆಂಪು ಪುಡಿ ಸುರಿಯಿತು. ಒಂದು ಅಯಸ್ಕಾಂತದ ಹಿಂದೆ ತುಕ್ಕು ಉಬ್ಬಿ, ಅದು ಕಳಚಿಕೊಂಡು ಒಳಗೆ ತಿರುಗುವ ಆರ್ಮೇಚರಿಗೆ ಒತ್ತಿ ನಿಂತಿತ್ತು.

ಹಳೇಗೇರು:
ಹಾಗಿದ್ದರೆ ಮೋಟಾರು ಉಳಿಯುತ್ತದೆ. ಕವಚವನ್ನು ಹೊಳೆಯುವವರೆಗೆ ಉಜ್ಜಿ, ಎಪಾಕ್ಸಿ ಅಂಟಿನಿಂದ ಅಯಸ್ಕಾಂತವನ್ನು ಹಳೆಯ ಗುರುತಿನಲ್ಲೇ ಅಂಟಿಸಿ, ಪೂರ್ತಿ ಗಟ್ಟಿಯಾಗುವವರೆಗೆ ಬಿಡಿ. ಬ್ರಶ್‌ಗಳು ಉಜ್ಜುವ ತಾಮ್ರದ ಕಮ್ಯುಟೇಟರನ್ನು ನಯವಾದ ಉಜ್ಜುಕಾಗದದಿಂದ ಒರೆಸಿ, ಜೋಡಿಸುವಾಗ ಬ್ರಶ್‌ಗಳನ್ನು ತಂತಿಯಿಂದ ಹಿಂದಕ್ಕೆ ಹಿಡಿದಿಡಿ. ದಂಡದ ಸೀಲು ಹೊಸದಾಗಿರಲಿ. ಬಿಸಿಯಾದ ಮೋಟಾರಿನ ಮೇಲೆ ತಣ್ಣೀರು ಬಿದ್ದಾಗ ಅದು ಒಳಕ್ಕೆ ನೀರೆಳೆದುಕೊಳ್ಳುವುದು ಅಲ್ಲಿಂದಲೇ. ಕವಚಕ್ಕೂ ಮುಚ್ಚಳಕ್ಕೂ ಗುರುತು ಹಾಕಿಕೊಂಡೇ ಬಿಚ್ಚಿದಿರಿ ತಾನೇ?

ಮೆಟ್ಟಿಲುಪೀಡಿತ:
ಇಲ್ಲ. ಈಗ ಮೋಟಾರು ತಿರುಗುತ್ತಿದೆ, ಆದರೆ ಬಾಗಿಲು ತೆರೆದರೆ ಮೆಟ್ಟಿಲು ಒಳಗೆ ಹೋಗುತ್ತಿದೆ.

ಅರ್ಥ್‌ವಾದಿ:
ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.

ಹಳೇಗೇರು:
ಸಾಕು, ಆದರೆ ಮುಂದೆ ಹೊಸ ಮೋಟಾರು ಹಾಕುವವರು ಕಂಗಾಲಾಗುತ್ತಾರೆ. ಗುರುತಿಲ್ಲದೆ ಕವಚ ತಿರುಗುಮುರುಗಾಗಿ ಕೂತಿದೆ; ಅದನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ, ಅಯಸ್ಕಾಂತಗಳ ಧ್ರುವಗಳು ಅದಲುಬದಲಾಗಿ ದಿಕ್ಕು ಸರಿಹೋಗುತ್ತದೆ.

ಮೆಟ್ಟಿಲುಪೀಡಿತ:
ಸರಿಹೋಯಿತು, ಧನ್ಯವಾದಗಳು. ಈಗ ಎಡಗಡೆಯದಕ್ಕಿಂತ ಬಲಗಡೆಯದು ನಿಧಾನವಾಗಿ ಬರುತ್ತಿರುವಂತೆ ಕಾಣುತ್ತಿದೆ.

ಅರ್ಥ್‌ವಾದಿ:
ಬಲಗಡೆಯ ಅರ್ಥ್ ನೋಡಿ.