1,90,000 ಪದದ ಫ್ಯಾಂಟಸಿ ಕಾದಂಬರಿ: ಕತ್ತರಿಸಲೋ, ಮೂರು ಸಂಪುಟ ಮಾಡಲೋ?

ಕೇಳಿದವರು: ಹೊಸ ಕರಡು
ಇಂಗ್ಲೆಂಡಿನ ಗುಲಾಬಿ ಯುದ್ಧಗಳ (1455–1487) ಬಗ್ಗೆ ಓದಿ ಹುಚ್ಚು ಹಿಡಿದು ಶುರು ಮಾಡಿದ್ದು. ಎರಡು ರಾಜವಂಶ, ಮೂವತ್ತು ವರ್ಷದ ಹಗೆ, ಎರಡೂ ಕಡೆ ಕವಚ ತೊಟ್ಟ ಕುದುರೆ ವೀರರಾದ ನೈಟ್‌ಗಳು, ಇಬ್ಬರಿಗೂ ಮಾಟ ಮಾಡಿಕೊಡುವ ಒಬ್ಬಳು ಮುದುಕಿ. ಹನ್ನೊಂದು ಪಾತ್ರಗಳ ಕಣ್ಣಿಂದ ಕಥೆ ಸಾಗುತ್ತೆ. ಒಂದೇ ಪುಸ್ತಕಕ್ಕೆ ಇಳಿಸಲೋ, ಮೂರು ಮಾಡಲೋ? ಮಾಡಿ ನೋಡಿದವರು ಹೇಳಿ.

ಆರನೇ ಕರಡು
ನಾನು ಕತ್ತರಿಸಿದವನು. 2,10,000 ಪದ ಇದ್ದದ್ದು 1,18,000ಕ್ಕೆ ಬಂತು. ಹದಿನಾಲ್ಕು ತಿಂಗಳು ಹಿಡೀತು. ಬರೆಯೋಕೇ ಹನ್ನೊಂದು ತಿಂಗಳು ಸಾಕಾಗಿತ್ತು, ನೋಡಿ. ರಾಜನ ಕಿರಿಯ ತಮ್ಮನನ್ನೇ ಪೂರ್ತಿ ತೆಗೆದೆ. ತೆಗೆದೆ ಅಂದುಕೊಂಡೆ. ಅವನ ಹೆಸರು ಹುಡುಕಿ ಅಳಿಸಿದ್ದಾಯ್ತು, ಆದ್ರೆ ಬರೀ 'ಅವನು' ಅಂತ ಇದ್ದ ಕಡೆಯೆಲ್ಲಾ ಹಾಗೇ ಉಳಿದ. ಕೊನೇ ಅಧ್ಯಾಯದಲ್ಲಿ ರಾಣಿ ಸಾಯುವಾಗ ಕಿರುಬೆರಳಿಲ್ಲದ ಒಂದು ಕೈ ಅವಳ ಕಣ್ಣು ಮುಚ್ಚುತ್ತೆ. ಆ ಕೈ ಯಾರದು? ಅವನದೇ. ಮೂರು ಜನ ಓದಿದ್ರು, ಮೂವರೂ ಅದನ್ನ ಹಿಡೀಲಿಲ್ಲ, ಅಚ್ಚಾದ ಮೇಲೆ ನನ್ನ ಕಣ್ಣಿಗೇ ಬಿತ್ತು. ಆದ್ರೂ ಹೇಳ್ತೀನಿ, ಕತ್ತರಿಸಿ.

ಎರಡನೇ ಸಂಪುಟದ ತಾಯಿ
ಕತ್ತರಿಸಿ ಕತ್ತರಿಸಿ ಅಂತ ಹೇಳೋರೆಲ್ಲ ಆಮೇಲೆ ಅಳೋರೇ. ನಾನು ಮೂರು ಮಾಡಿದೆ, ಪಶ್ಚಾತ್ತಾಪ ಇಲ್ಲ. ಕಷ್ಟ ಇರಲಿಲ್ಲ ಅಂತಲ್ಲ. ಮೊದಲ ಸಂಪುಟದಲ್ಲಿ ಕೋಟೆ ಬಾಗಿಲು ಪೂರ್ವಕ್ಕೆ, ಬೆಳಗಿನ ಬಿಸಿಲು ಕಾವಲುಗಾರರ ಕಣ್ಣಿಗೆ ಹೊಡೀತಿದ್ದಾಗ ಶತ್ರು ನುಗ್ಗೋದು. ಎರಡನೇ ಸಂಪುಟದಲ್ಲಿ ಅದೇ ಬಾಗಿಲ ಮುಂದೆ ನಿಂತು ನಾಯಕಿ ಮುಳುಗೋ ಸೂರ್ಯನನ್ನ ನೋಡ್ತಾಳೆ, ಇಡೀ ಕಥೆಯ ಚಂದದ ದೃಶ್ಯ ಅದು, ಬಿಡೋ ಹಾಗಿಲ್ಲ. ಮೊದಲನೆಯದು ಆಗಲೇ ಜನರ ಕೈಲಿದೆ. ಏನು ಮಾಡೋದು? ಹಳೇ ಬಾಗಿಲನ್ನ ಮಾಟದ ಬೆಂಕಿಯಲ್ಲಿ ಸುಟ್ಟು, ಗಾರೆಯವರನ್ನ ಕರೆಸಿ, ಪಶ್ಚಿಮಕ್ಕೆ ಹೊಸ ಬಾಗಿಲು ಇಡಿಸಿದೆ. ಒಂದು ಸೂರ್ಯಾಸ್ತಕ್ಕೆ 4,300 ಪದ. ಓದಿದವರು ಆ ಗಾರೆ ಮೇಸ್ತ್ರಿಯನ್ನೇ ಹೆಚ್ಚು ಮೆಚ್ಚಿದ್ರು!

ಆರನೇ ಕರಡು
ಅಳ್ತಾ ಇಲ್ಲ ಮೇಡಂ. ಮೂರನೇ ಸಂಪುಟ ಮುಗೀತಾ?

ಎರಡನೇ ಸಂಪುಟದ ತಾಯಿ
ನಿಮಗ್ಯಾಕೆ ಅದು?

ಮೇವಿನ ಲೆಕ್ಕ
ಸಂಪುಟ ಎಷ್ಟಾದ್ರೂ ಆಗ್ಲಿ, ದೂರದ ಲೆಕ್ಕ ಯಾರೂ ಹಾಕಲ್ಲ. ನನ್ನ ಕಥೆಯಲ್ಲಿ ಸೈನ್ಯ 600 ಕಿಲೋಮೀಟರ್ ದಾಟೋಕೆ ಒಂಬತ್ತು ದಿನ ಕೊಟ್ಟಿದ್ದೆ. ಒಬ್ಬನೇ ಸವಾರ ದಿನಕ್ಕೆ 40–50 ಕಿಲೋಮೀಟರ್ ಹೋದಾನು. ಗಾಡಿ ಕಟ್ಟಿಕೊಂಡ ಸೈನ್ಯಕ್ಕೆ 15 ದಾಟಿದ್ರೆ ಪುಣ್ಯ. ಅಂದ್ರೆ 40 ದಿನ. ಒಂದು ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಮೇವು-ಕಾಳು, 4,000 ಕುದುರೆಗೆ 40 ಟನ್. ಪ್ರತಿ ದಿನ! ಅದನ್ನ ಎಳೆಯೋ ಕುದುರೆಗಳೂ ತಿನ್ನಬೇಕಲ್ಲ. ಸರಿ ಮಾಡೋಕೆ ಹೋದೆ, ಸೈನ್ಯ ತಲುಪೋ ಹೊತ್ತಿಗೆ ಹಿಮ ಬಿದ್ದು ಮದುವೆಗೆ ಬಂದ ರಾಜರೆಲ್ಲ ಊರಿಗೆ ಹೋಗಿಯಾಗಿತ್ತು. ಹನ್ನೆರಡು ಅಧ್ಯಾಯ ಕಸಕ್ಕೆ. ನಕ್ಷೆ ಬರೆದುಕೊಟ್ಟವರಿಗೆ ಮೂರು ಸಲ ದುಡ್ಡು ಕೊಟ್ಟೆ, ಮೂರನೇ ಸಲ ಅವರೇ ಬೇಜಾರಾಗಿ ಅರ್ಧ ತಗೊಂಡ್ರು.

ರಾತ್ರಿ ಪಾಳಿ
ಓದೋರು ಮೇವು ತೂಗ್ತಾರಾ ಸ್ವಾಮಿ? ನೈಟ್‌ಗಳಿಗೆ ಕುದುರೆ ಹತ್ತೋಕೇ ಆಗ್ತಿರಲಿಲ್ಲವಂತೆ, ರಾಟೆ ಕಟ್ಟಿ ಎತ್ತಿ ಕೂರಿಸ್ತಿದ್ರಂತೆ. ಅದನ್ನ ಬರೀರಿ, ಮಜಾ ಇರುತ್ತೆ.

ಮೇವಿನ ಲೆಕ್ಕ
ದಯವಿಟ್ಟು ಈ ರಾಟೆ ಕಥೆ ನಿಲ್ಲಿಸಿ. ಯುದ್ಧಕ್ಕೆ ತೊಡೋ ಪೂರ್ತಿ ಉಕ್ಕಿನ ಕವಚ 20–25 ಕಿಲೋ, ಅದೂ ಮೈಮೇಲೆಲ್ಲ ಹಂಚಿಕೊಂಡು ಕೂರುತ್ತೆ. ಫ್ರೆಂಚ್ ನೈಟ್ ಬೂಸಿಕೋ ಕವಚ ತೊಟ್ಟು ಏಣಿಯ ಕೆಳಮೈಯಲ್ಲಿ ಬರೀ ಕೈಯಿಂದ ಮೇಲೇರ್ತಿದ್ದ ಅಂತ ಅವನ ಕಾಲದವರೇ ಬರೆದಿಟ್ಟಿದ್ದಾರೆ. ಕತ್ತಿಯೂ ಅಷ್ಟೇ, ಒಂದೂವರೆ ಕಿಲೋ ಆಚೀಚೆ.

ರಾತ್ರಿ ಪಾಳಿ
ಅದೇ ಬೂಸಿಕೋ 1415ರಲ್ಲಿ ಫ್ರಾನ್ಸಿನ ಕೆಸರು ತುಂಬಿದ ಯುದ್ಧಭೂಮಿ ಅಜಿನ್‌ಕೋರ್ಟ್‌ನಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ. ಕೆಸರಲ್ಲಿ ಏಣಿ ಇರಲಿಲ್ಲ ಅನ್ಸುತ್ತೆ.

ಮೇವಿನ ಲೆಕ್ಕ
ಕೆಸರಿಗೂ ರಾಟೆಗೂ ಏನ್ರೀ ಸಂಬಂಧ?

ಮರೆತ ಮಾಂತ್ರಿಕ
ನನ್ನ ಪೆಟ್ಟು ಬೇರೆ ಕಡೆ. ಮಾಟ ಮಾಡಿದವನು ಏನಾದ್ರೂ ಕಳೆದುಕೊಳ್ಳಬೇಕು, ಇಲ್ಲಾಂದ್ರೆ ಎರಡನೇ ಅಧ್ಯಾಯದಲ್ಲೇ ಯುದ್ಧ ಮುಗಿಯುತ್ತೆ ಅಂತ ಒಂದು ನಿಯಮ ಇಟ್ಟೆ: ಪ್ರತಿ ಮಂತ್ರಕ್ಕೂ ಅವನ ಒಂದು ನೆನಪು ಹೋಗುತ್ತೆ. ಜಾಣತನ ಅಂತ ಬೀಗಿದ್ದೇ ಬೀಗಿದ್ದು. ಆಮೇಲೆ ಒಂದು ದಿನ ಕೂತು ಎಣಿಸಿದೆ: 61 ಮಂತ್ರ. ನಲವತ್ತನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಸೇಡು ಯಾರ ಮೇಲೆ ಅಂತ ಅವನಿಗೆ ಗೊತ್ತಿರೋಕೆ ಸಾಧ್ಯವೇ ಇರಲಿಲ್ಲ, ನಾನು ಮಾತ್ರ ಅವನ ಕೈಲಿ ಎರಡು ಪುಟದ ಭಾಷಣ ಮಾಡಿಸಿದ್ದೆ. ಮಂತ್ರ ಕಡಿಮೆ ಮಾಡೋಕೆ ಐದು ತಿಂಗಳು. ಈಗ 9 ಇವೆ. ಒಂದೊಂದರ ಪಕ್ಕ ಏನು ಮರೆತ ಅಂತ ಗೋಡೆ ಮೇಲೆ ಪಟ್ಟಿ ಅಂಟಿಸಿದ್ದೀನಿ. ಏಳನೆಯದು ಅಮ್ಮನ ದನಿ. ಅದನ್ನ ಬರೆದ ದಿನ ಬೇರೇನೂ ಬರೆಯೋಕಾಗಲಿಲ್ಲ.

ಇನ್ನೊಂದು, 'ನೈಟ್' ಅಂತ ಯಾಕೆ? ಅಶ್ವವೀರ ಅನ್ನಿ.

ರಾತ್ರಿ ಪಾಳಿ
ಅಶ್ವವೀರ ಅಂದ್ರೆ ನಾಟಕದ ಕಂಪನಿ ನೆನಪಾಗುತ್ತೆ.

ಮರೆತ ಮಾಂತ್ರಿಕ
ನೈಟ್ ಅಂದ್ರೆ ಅವನನ್ನ 'ಸರ್' ಅಂತ ಕರೀಬೇಕು, 'ಸರ್' ಅಂದ ತಕ್ಷಣ ಹಾಜರಿ ಪುಸ್ತಕ ಹಿಡಿದ ಮೇಷ್ಟ್ರು ಬಂದು ನಿಲ್ತಾರೆ. ಯಾವುದು ವಾಸಿ?

ಎರಡನೇ ಸಂಪುಟದ ತಾಯಿ
ನಾನು ಇಬ್ಬರನ್ನೂ 'ದೊರೆ' ಮಾಡಿದೆ, ಯಾರೂ ಸಾಯಲಿಲ್ಲ. ಮತ್ತೆ, ಆರನೇ ಕರಡು ಅವರೇ, ಮೂರನೆಯದು ಅರ್ಧ ಆಗಿದೆ. ನಾಲ್ಕು ವರ್ಷದಿಂದ ಅರ್ಧ ಆಗಿದೆ. ಸಮಾಧಾನವಾ?

ಆರನೇ ಕರಡು
ಇಲ್ಲ ಮೇಡಂ. ಆ ಮೇಸ್ತ್ರಿ ವಾಪಸ್ ಬರ್ತಾನಾ ಅಂತ ಕೇಳೋಣ ಅಂತಿದ್ದೆ.

ಹೊಸ ಕರಡು
ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನನ್ನ ಹನ್ನೊಂದು ಪಾತ್ರಗಳ ವಿಷಯ? ಕತ್ತರಿಸಲೋ, ಬೇಡವೋ?

ಮೇವಿನ ಲೆಕ್ಕ
ಕುದುರೆ ಎಷ್ಟು ಅಂತ ನೀವು ಹೇಳೇ ಇಲ್ಲ.