ಸೆಲ್ಲು ಕೊಯ್ದೆ, ಬೆರಳು ಸಬಕಾರದ ಹಾಗೆ ಜಾರುತ್ತಿವೆ. ಏನು ಮಾಡಲಿ?

ಉಣಕಲ್_ಅಪ್ಪ (ಹುಬ್ಬಳ್ಳಿ)
ಮಗಳು ಎಂಟನೇ ಕ್ಲಾಸು. ಸೋಮವಾರ ನೀರಿನ ವಿದ್ಯುದ್ವಿಭಜನೆ (ಕರೆಂಟ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದು) ಮಾಡೆಲ್ ಒಯ್ಯಬೇಕು, ಎರಡು ಕಾರ್ಬನ್ ಕಡ್ಡಿ ಬೇಕು. ನಾವು ಸಣ್ಣವರಿದ್ದಾಗ ರೇಡಿಯೋ ಸೆಲ್ಲು ಕಲ್ಲಿನಿಂದ ಜಜ್ಜಿ ಕಡ್ಡಿ ತೆಗೆಯುತ್ತಿದ್ದೆವು. ಕಪ್ಪು ಪುಡಿಯನ್ನು ಗರಗದ ಸೊಪ್ಪಿನ ರಸದಲ್ಲಿ ಕಲಸಿ ಪಾಟಿಗೆ ಬಳಿಯುತ್ತಿದ್ದೆವು. ಏನೂ ಆಗಿರಲಿಲ್ಲ.

ಇವತ್ತು ಗೋಡೆ ಗಡಿಯಾರದ ಸೆಲ್ಲಿನಿಂದ ಒಂದು ಕಡ್ಡಿ ಸಿಕ್ಕಿತು. ಎರಡನೆಯದು ಆಟಿಕೆ ಕಾರಿನದು. ಗರಗಸ ಒಳಗೆ ಇಳಿದದ್ದೇ ತಡ, ಉಸ್ ಅಂತು. ಒಳಗೆ ಕಡ್ಡಿನೇ ಇಲ್ಲ! ಬೂದು ಬಣ್ಣದ ಲೋಳೆ, ಅದರ ನಡುವೆ ಹಿತ್ತಾಳೆ ಮೊಳೆ. ಬೆರಳು ಸಬಕಾರ ಹಚ್ಚಿದ ಹಾಗೆ ಜಾರುತ್ತಿವೆ. ಉರಿ ಅಷ್ಟೇನಿಲ್ಲ.

ಗದಗ_ಸೋಲ್ಡರ್
ಮೊದಲು ನಳದ ಕೆಳಗೆ ಕೈ ಹಿಡಿಯಿರಿ, ಆಮೇಲೆ ಉಳಿದದ್ದು ಓದಿ. ಹರಿಯುವ ನೀರು, 15-20 ನಿಮಿಷ. ಉಂಗುರ ಇದ್ದರೆ ತೆಗೆಯಿರಿ. ನಿಂಬೆರಸ, ವಿನೆಗರ್ ಟೇಬಲ್ ಒರೆಸಲಿಕ್ಕೆ ಸರಿ, ಕೈಗೆ ಬೇಡ. ಕಣ್ಣಿಗೆ ಹಾರಿದ್ದರೆ ರೆಪ್ಪೆ ಅಗಲಿಸಿ ಅಷ್ಟೇ ಹೊತ್ತು ತೊಳೆದು, ನೇರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ನೀವು ಕೊಯ್ದದ್ದು ಆಲ್ಕಲೈನ್ ಸೆಲ್ಲು. ಅದರಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ಕಟು ಕ್ಷಾರ ಇರುತ್ತೆ. ಸಬಕಾರದ ಹಾಗೆ ಅಲ್ಲರೀ ಅಣ್ಣಾರ, ಸಬಕಾರವೇ ಆಗುತ್ತಿದೆ. ನಿಮ್ಮ ಚರ್ಮದ ಎಣ್ಣೆಯನ್ನೇ ಆ ಕ್ಷಾರ ತಿನ್ನುತ್ತಿದೆ.

ಹಳೇ ಜಿಂಕ್-ಕಾರ್ಬನ್ ಸೆಲ್ಲಿನ ಹೊರ ಡಬ್ಬಿ ಸತುವಿನದು, ಅದು ಮೈನಸ್. ನಡುವಿನ ಕಡ್ಡಿ ಪ್ಲಸ್. ಆಲ್ಕಲೈನ್‌ನಲ್ಲಿ ಎಲ್ಲಾ ಉಲ್ಟಾ: ಉಕ್ಕಿನ ಡಬ್ಬಿ ಪ್ಲಸ್, ಸತು ಪುಡಿಯಾಗಿ ನಡುವೆ. ಉಸ್ ಅಂದದ್ದು ಒಳಗೆ ಕಟ್ಟಿಕೊಂಡಿದ್ದ ಗ್ಯಾಸು. ಇನ್ನು ನಿಮ್ಮ ಕಾಲದ ರೇಡಿಯೋ ಸೆಲ್ಲೂ ಸಾಧು ಅಲ್ಲ. ಆಗಿನ ಎಷ್ಟೋ ಸೆಲ್ಲಿನಲ್ಲಿ ಪಾದರಸ ಇರುತ್ತಿತ್ತು.

ಬ್ಯಾಡಗಿ_ಘಾಟು (ಹಾವೇರಿ)
ಉರಿ ಇಲ್ಲ ಅಂತ ಸುಮ್ನೆ ಕೂರಬೇಡಿ. ಮೆಣಸಿನಕಾಯಿ ಮುಟ್ಟಿ ಕಣ್ಣುಜ್ಜಿದರೆ ತಕ್ಷಣ ಗೊತ್ತಾಗುತ್ತೆ. ಕ್ಷಾರ ಸದ್ದಿಲ್ಲದೆ ಒಳಗೆ ಇಳಿಯುತ್ತೆ, ನೋವು ಆಮೇಲೆ.

ಉಣಕಲ್_ಅಪ್ಪ
ತೊಳೆದೆ. ತೋರುಬೆರಳ ತುದಿ ಬೆಳ್ಳಗಾಗಿದೆ, ಮುಟ್ಟಿದರೆ ಜೋಮು ಹಿಡಿದ ಹಾಗೆ. ಸೆಲ್ಲನ್ನು ಹಳೇ ಅಲ್ಯೂಮಿನಿಯಂ ಟಿಫಿನ್ ಡಬ್ಬಿಯಲ್ಲಿ ಹಾಕಿ ಗಟ್ಟಿ ಮುಚ್ಚಿಟ್ಟಿದ್ದೇನೆ. ಒಂದು ಸತ್ತ ಲ್ಯಾಪ್‌ಟಾಪ್ ಬ್ಯಾಟರಿ ಇದೆ. ಅದರಲ್ಲಿ ಕಡ್ಡಿ ಸಿಗಬಹುದಾ?

ಗದಗ_ಸೋಲ್ಡರ್
ಅಯ್ಯೋ, ಮುಚ್ಚಳ ತೆಗೆಯಿರಿ! ಗ್ಲೌಸ್ ಹಾಕಿಕೊಂಡು, ಮುಖ ದೂರ ಇಟ್ಟು. ಈ ಕ್ಷಾರ ಅಲ್ಯೂಮಿನಿಯಂ ತಿಂದು ಹೈಡ್ರೋಜನ್ ಬಿಡುತ್ತೆ. ಸೆಲ್ಲನ್ನು ಅಂಗಳದಲ್ಲಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಣ ಮರಳಿನ ಮೇಲೆ ತೆರೆದಿಡಿ. ಮಕ್ಕಳು, ಬೆಕ್ಕು ಹತ್ತಿರ ಸುಳಿಯದ ಹಾಗೆ. ಬೆರಳು ಬೆಳ್ಳಗಾಗಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ಯಾವ ರಾಸಾಯನಿಕ ಅಂತಲೂ ಹೇಳಿ.

ಲ್ಯಾಪ್‌ಟಾಪ್ ಬ್ಯಾಟರಿ ಬೇಡವೇ ಬೇಡ. ಅದರಲ್ಲಿ ಕಡ್ಡಿ ಇಲ್ಲ. ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ ಸುರುಳಿ ಸುತ್ತಿರುತ್ತಾರೆ, ನಡುವೆ ತೆಳು ಪ್ಲಾಸ್ಟಿಕ್ ಪೊರೆ. ಗರಗಸದ ಹಲ್ಲು ಎರಡಕ್ಕೂ ತಾಗಿದರೆ ಶಾರ್ಟ್. ಒಳಗಿನ ದ್ರವ ಬೆಂಕಿ ಹಿಡಿಯುವಂಥದ್ದು, ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷದ ಗ್ಯಾಸು ಬರುತ್ತೆ. ಲ್ಯಾಪ್‌ಟಾಪ್ ಆನ್ ಆಗದಿದ್ದರೂ ಸೆಲ್ಲಿನಲ್ಲಿ ಚಾರ್ಜ್ ಉಳಿದಿರಬಹುದು.

ಪೇಢೆ_ಪ್ರಿಯ (ಧಾರವಾಡ)
ಕಡ್ಡಿ ಬೇಕಂದ್ರೆ ಸೆಲ್ಲೇ ಯಾಕೆ? ಎರಡು ಪೆನ್ಸಿಲ್ ತಗೊಂಡು ಎರಡೂ ತುದಿ ಚೂಪು ಮಾಡಿ. ಒಳಗಿರುವುದು ಗ್ರಾಫೈಟ್, ಕರೆಂಟ್ ಹರಿಯುತ್ತೆ. 9 ವೋಲ್ಟ್ ಬ್ಯಾಟರಿ ಸಾಕು (ಬಿಚ್ಚಬೇಡಿ ಮತ್ತೆ!). ನೀರಿಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತೆ. ಅಡುಗೆ ಸೋಡಾ ಹಾಕಿ.

ಉಣಕಲ್_ಅಪ್ಪ
ಡಾಕ್ಟರ್ ಮುಲಾಮು ಕೊಟ್ಟು, ಎರಡು ದಿನ ಬಿಟ್ಟು ಬಾ ಅಂದಿದ್ದಾರೆ. ಪೆನ್ಸಿಲ್ ಕೆಲಸ ಮಾಡಿತು. ಮಗಳು ಗ್ಲಾಸಿಗೆ ಕಣ್ಣು ಹಚ್ಚಿ ಕೂತಿದ್ದಾಳೆ, "ಅಪ್ಪಾ, ಒಂದು ಕಡೆ ಗುಳ್ಳಿ ಜಾಸ್ತಿ ಯಾಕ?" ಅಂತ. ಆ ಕೊಯ್ದ ಸೆಲ್ಲು ಏನು ಮಾಡಲಿ?

ಗದಗ_ಸೋಲ್ಡರ್
ಮೈನಸ್ ಕಡೆ ಹೈಡ್ರೋಜನ್, ಆಕ್ಸಿಜನ್‌ಗಿಂತ ಎರಡು ಪಟ್ಟು. ನೀರಿನಲ್ಲಿ ಇರುವುದೇ ಹಾಗೆ ಅಲ್ವಾ. ಸೆಲ್ಲನ್ನು ಮನೆ ಕಸದ ಜೊತೆ ಸೇರಿಸಬೇಡಿ, 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲೂ ಹಾಗೇ ಇದೆ. ಪಾಲಿಕೆ ಗಾಡಿಯವರಿಗೆ "ಇದು ಕೊಯ್ದ ಸೆಲ್ಲು" ಅಂತ ಹೇಳಿ ಬೇರೆಯಾಗಿ ಕೊಡಿ. ಲ್ಯಾಪ್‌ಟಾಪ್ ಬ್ಯಾಟರಿಯ ಪಿನ್ನುಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.