ಲೂಯಿ ಮಾಲ್ ಸಿನಿಮಾ: ಜೂಲಿಯನ್ ತಿರುಗಿ ನೋಡಿದ್ದೇ ತಪ್ಪಾಯ್ತಾ?

ಪ್ರಶ್ನೆ
ನಿನ್ನೆ ರಾತ್ರಿ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ 1987ರ ‘ಒ ರೆವ್ವಾರ್ ಲೆಜಾಂಫಾಂ’ ನೋಡಿದೆ. ಆಮೇಲೆ ನಿದ್ದೆ ಹತ್ತಲಿಲ್ಲ. 1944ರ ಜನವರಿ, ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸ್, ಪಾದ್ರಿಗಳ ಬೋರ್ಡಿಂಗ್ ಶಾಲೆ. ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ಮುಲ್ಲರ್ ಕ್ಲಾಸಿಗೆ ನುಗ್ಗಿ ಕಿಪ್ಪೆಲ್‌ಸ್ಟೈನ್ ಯಾರು ಅಂತ ಕೇಳುತ್ತಾನೆ. ಅದು ಬೋನೆ ಅನ್ನುವ ಹೆಸರಲ್ಲಿ ಅಡಗಿರುವ ಯಹೂದಿ ಹುಡುಗ ಜಾನ್‌ನ ನಿಜವಾದ ಹೆಸರು. ಯಾರೂ ಬಾಯಿ ಬಿಡುವುದಿಲ್ಲ. ಜೂಲಿಯನ್ ಮಾತ್ರ ಒಂದೇ ಒಂದು ಕ್ಷಣ ಗೆಳೆಯ ಜಾನ್ ಬೋನೆ ಕಡೆ ತಿರುಗಿ ನೋಡುತ್ತಾನೆ, ಅದು ಮುಲ್ಲರ್ ಕಣ್ಣಿಗೆ ಬಿದ್ದುಬಿಡುತ್ತದೆ. ಹಾಗಾದರೆ ಗೆಳೆಯನನ್ನು ಹಿಡಿದುಕೊಟ್ಟವನು ಇವನೇನಾ? ಇದು ನಿಜವಾಗಿ ನಡೆದಿದ್ದಾ?

ಉತ್ತರ 1
ಬಹಳಷ್ಟು ನಿಜ. ಫಾಂಟೆನ್‌ಬ್ಲೋ ಹತ್ತಿರದ ಆವೊನ್‌ನಲ್ಲಿದ್ದ ಕಾರ್ಮೆಲೈಟ್ ಪಂಥದ ಪಾದ್ರಿಗಳ ಶಾಲೆ ಅದು. ಮಾಲ್ ಅಲ್ಲೇ ಓದುತ್ತಿದ್ದರು, ಆಗ ಅವರಿಗೆ 11 ವರ್ಷ. ಹೆಡ್‌ಮಾಸ್ಟರ್ ಫಾದರ್ ಜಾಕ್ ಮೂವರು ಯಹೂದಿ ಹುಡುಗರನ್ನು ಬೇರೆ ಹೆಸರಲ್ಲಿ ಸೇರಿಸಿಕೊಂಡಿದ್ದರು. 1944ರ ಜನವರಿ 15ರಂದು ನಾಲ್ವರನ್ನೂ ಹಿಡಿದರು. ಹುಡುಗರು ನಾಜಿಗಳ ಆಶ್‌ವಿಟ್ಜ್ ಸಾವಿನ ಕ್ಯಾಂಪಿನಿಂದ ವಾಪಸ್ ಬರಲಿಲ್ಲ. ಫಾದರ್ ಮಾತ್ರ ಮೌತ್‌ಹೌಸೆನ್ ಕ್ಯಾಂಪ್ ಬಿಡುಗಡೆಯಾಗುವ ತನಕ ಜೀವ ಹಿಡಿದುಕೊಂಡಿದ್ದರು, ಆದರೆ ಕೆಲವೇ ವಾರಗಳಲ್ಲಿ, 1945ರ ಜೂನ್‌ನಲ್ಲಿ, ತೀರಿಕೊಂಡರು. ಇದನ್ನು ಸಿನಿಮಾ ಮಾಡೋಕೆ ಮಾಲ್‌ಗೆ 40 ವರ್ಷಕ್ಕೂ ಜಾಸ್ತಿ ಬೇಕಾಯಿತು. ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂದಿದ್ದು ಇದಕ್ಕೇ.

ಉತ್ತರ 2
ಜೂಲಿಯನ್ ಮೇಲೆ ತಪ್ಪು ಹೊರಿಸಬೇಡಿ. ಮುಲ್ಲರ್ ನಿಜವಾದ ಹೆಸರು ಹಿಡಿದುಕೊಂಡೇ ಬಂದಿದ್ದ ಅಲ್ವಾ. ಸಾಮಾನು ಕಟ್ಟುವಾಗ ಜಾನ್ ಕೂಡ ಅದನ್ನೇ ಹೇಳುತ್ತಾನೆ, ಹೇಗಿದ್ದರೂ ನನ್ನನ್ನು ಹಿಡಿಯುತ್ತಿದ್ದರು ಅಂತ. ಹೇಳಿ ತನ್ನ ಪುಸ್ತಕಗಳನ್ನು ಇವನಿಗೆ ಕೊಡುತ್ತಾನೆ.

ನನಗೆ ಜಾಸ್ತಿ ಕಾಡುವುದು ಅಡುಗೆಮನೆಯ ಜೋಸೆಫ್. ಕುಂಟುವ ಬಡ ಹುಡುಗ. ದೊಡ್ಡ ಮನೆ ಮಕ್ಕಳು ಊರಿಂದ ತಂದ ಜಾಮು, ಸಕ್ಕರೆ ಅವನಿಗೆ ಕೊಟ್ಟು ಸ್ಟಾಂಪು, ಸಿಗರೇಟು ತೆಗೆದುಕೊಳ್ಳುತ್ತಾರೆ. ಜೂಲಿಯನ್ ಕೂಡ. ಸಿಕ್ಕಿಬಿದ್ದಾಗ ಕೆಲಸ ಹೋಗುವುದು ಜೋಸೆಫ್‌ದು ಮಾತ್ರ. ಹುಡುಗರನ್ನೂ ಶಾಲೆಯಿಂದ ತೆಗೆಯಬೇಕಿತ್ತು, ಅಪ್ಪ ಅಮ್ಮನ ಮುಖ ನೋಡಿ ಸುಮ್ಮನಿದ್ದೇನೆ ಅಂತ ಫಾದರ್ ತಾವೇ ಒಪ್ಪಿಕೊಳ್ಳುತ್ತಾರೆ. ಅಷ್ಟು ಒಳ್ಳೆಯ ಮನುಷ್ಯ, ಇಲ್ಲಿ ಎಡವುತ್ತಾರೆ. ಆ ಸಿಟ್ಟಲ್ಲೇ ಜೋಸೆಫ್ ಗೆಸ್ಟಾಪೊಗೆ ಸುಳಿವು ಕೊಡುತ್ತಾನೆ. ಅವನು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಕೊನೆಗೆ ‘ನಿಮ್ಮ ಜೊತೆ ವ್ಯವಹಾರ ಮಾಡದಿದ್ದರೆ ನನ್ನ ಕೆಲಸ ಹೋಗುತ್ತಿರಲಿಲ್ಲ’ ಅನ್ನುತ್ತಾನಲ್ಲ, ಆಗ ಜೂಲಿಯನ್ ಬಾಯಲ್ಲಿ ಉತ್ತರವೇ ಇರುವುದಿಲ್ಲ.

ಉತ್ತರ 3
ಹೋಟೆಲ್ ಸೀನ್ ಇನ್ನೊಮ್ಮೆ ನೋಡಿ. ವಯಸ್ಸಾದ ಯಹೂದಿಯೊಬ್ಬರನ್ನು ಎಬ್ಬಿಸಿ ಕಳಿಸಲು ಬರುವುದು ಫ್ರೆಂಚರದೇ ಪಡೆಯಾದ ಮಿಲೀಸ್. ಅವರನ್ನು ಗದರಿ ಓಡಿಸುವುದು ಪಕ್ಕದ ಟೇಬಲ್‌ನ ಜರ್ಮನ್ ಅಧಿಕಾರಿ. ಫ್ರೆಂಚರಿಗೆ ಇದು ನುಂಗಲಾಗದ ತುತ್ತು. ಫ್ರಾನ್ಸಿನಿಂದ ಸುಮಾರು 76,000 ಯಹೂದಿಗಳನ್ನು ನಾಜಿ ಕ್ಯಾಂಪ್‌ಗಳಿಗೆ ಸಾಗಿಸಿದರು. 1942ರ ಜುಲೈಯಲ್ಲಿ ಪ್ಯಾರಿಸ್‌ನಲ್ಲಿ ಮನೆಮನೆಗೆ ಹೋಗಿ ಹಿಡಿದವರು ಫ್ರೆಂಚ್ ಪೊಲೀಸರು. ಅದು ನಮ್ಮ ದೇಶದ ತಪ್ಪು ಅಂತ ಅಲ್ಲಿನ ಒಬ್ಬ ಅಧ್ಯಕ್ಷರು, ಜಾಕ್ ಶಿರಾಕ್, ಮೊದಲ ಸಲ ಹೇಳಿದ್ದು 1995ರಲ್ಲಿ. ಈ ಸಿನಿಮಾ ಬಂದು ಎಂಟು ವರ್ಷ ಆದಮೇಲೆ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಜೋಸೆಫ್ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ಇನ್ನೊಂದು, ಹೆಸರಿನ ಅರ್ಥ ಈಗ ಹುಡುಕಿದೆ. ಒ ರೆವ್ವಾರ್ ಅಂದರೆ ಮತ್ತೆ ಕಾಣೋಣ, ನಾವು ‘ಹೋಗಿಬರ್ತೀನಿ’ ಅನ್ನುತ್ತೇವಲ್ಲ, ಹಾಗೆ. ಫಾದರ್ ಅಂಗಳದಲ್ಲಿ ಮಕ್ಕಳಿಗೆ ಹೇಳಿ ಹೋಗುವುದು ಅದನ್ನೇ. ಜಾನ್ ಏನೂ ಹೇಳುವುದಿಲ್ಲ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡುತ್ತಾನೆ, ಜೂಲಿಯನ್ ಸ್ವಲ್ಪವೇ ಕೈ ಎತ್ತುತ್ತಾನೆ.